ಈಗಿನ ಮಕ್ಕಳಿಗೆ ಲೆಕ್ಕ ಬರುವುದೇ ಇಲ್ಲವಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವವರನ್ನು ಜನ ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ. ಪೋಷಕರ ಸಭೆಯಲ್ಲೂ ಕೇಳುತ್ತಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. "ಮೇಡಂ, ವರ್ಷದಿಂದ ವರ್ಷಕ್ಕೆ ಮಕ್ಕಳ ಗಣಿತ ಹಾಳಾಗ್ತಾ ಇದೆ ಅಲ್ವಾ? ನಮ್ಮ ಕಾಲದಲ್ಲಿ ಹೀಗಿರಲಿಲ್ಲ." ಪತ್ರಿಕೆಯಲ್ಲಿ ಯಾವುದಾದರೂ ಸಮೀಕ್ಷೆಯ ಸುದ್ದಿ ಬಂದ ವಾರವಂತೂ ಈ ಪ್ರಶ್ನೆ ತಪ್ಪುವುದಿಲ್ಲ.

ನಿಂತಲ್ಲೇ ಎರಡು ಮಾತಲ್ಲಿ ಹೇಳಿದರೆ ನನ್ನ ಉತ್ತರ ಇಷ್ಟೇ. ವರ್ಷದಿಂದ ವರ್ಷಕ್ಕೆ ಹಾಳಾಗುತ್ತಾ ಹೋಗುತ್ತಿಲ್ಲ. ತರಗತಿಯಿಂದ ತರಗತಿಗೆ ಹಾಳಾಗುತ್ತಾ ಹೋಗುತ್ತಿದೆ. ಮೊದಲನೆಯದರ ಬಗ್ಗೆ ನಾವು ತುಂಬಾ ಚಿಂತೆ ಮಾಡುತ್ತೇವೆ. ಎರಡನೆಯದು ನಮ್ಮ ಕಣ್ಣೆದುರೇ ನಡೆಯುತ್ತಿದ್ದರೂ ಅದರ ಬಗ್ಗೆ ಮಾತೇ ಆಡುವುದಿಲ್ಲ. ಯಾಕೆ ಹೀಗೆ ಹೇಳುತ್ತೇನೆ ಅಂತ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಮೊದಲು ಈ ಅಂಕಿಗಳು ಎಲ್ಲಿಂದ ಬರುತ್ತವೆ ಅಂತ ತಿಳಿಯಬೇಕು. ನಮ್ಮ ದೇಶದಲ್ಲಿ ಮುಖ್ಯವಾಗಿ ಎರಡು ಇವೆ. ಒಂದು 'ಅಸರ್'. ಪ್ರಥಮ್ ಅನ್ನುವ ಸ್ವಯಂಸೇವಾ ಸಂಸ್ಥೆ 2005ರಲ್ಲಿ ಶುರು ಮಾಡಿದ ಗ್ರಾಮೀಣ ಸಮೀಕ್ಷೆ. 2014ರವರೆಗೆ ಪ್ರತಿ ವರ್ಷ ನಡೆಯಿತು, ಆಮೇಲೆ ವರ್ಷ ಬಿಟ್ಟು ವರ್ಷ. ಇದರ ವಿಶೇಷ ಏನೆಂದರೆ ಸ್ವಯಂಸೇವಕರು ಶಾಲೆಗಲ್ಲ, ಮನೆಗೆ ಹೋಗುತ್ತಾರೆ. ಮಗುವಿನ ಪಕ್ಕ ಕೂತು, ಒಂದು ಹಾಳೆ ತೋರಿಸಿ, ಲೆಕ್ಕ ಮಾಡಿಸುತ್ತಾರೆ. ಸರ್ಕಾರಿ ಶಾಲೆ, ಖಾಸಗಿ ಶಾಲೆ, ಶಾಲೆ ಬಿಟ್ಟ ಮಗು, ಎಲ್ಲರೂ ಬರುತ್ತಾರೆ. 2024ರಲ್ಲಿ 605 ಜಿಲ್ಲೆಗಳ 17,997 ಹಳ್ಳಿಗಳಲ್ಲಿ ಸುಮಾರು ಆರೂವರೆ ಲಕ್ಷ ಮಕ್ಕಳನ್ನು ತಲುಪಿತು. ಹಾಳೆಯಲ್ಲಿ ಇರುವುದು ನಾಲ್ಕೇ ಮೆಟ್ಟಿಲು. 1ರಿಂದ 9ರವರೆಗಿನ ಸಂಖ್ಯೆ ಗುರುತಿಸುವುದು, ಎರಡಂಕಿ ಸಂಖ್ಯೆ ಗುರುತಿಸುವುದು, ಎರಡಂಕಿಯಲ್ಲಿ ಸಾಲ ತಂದು ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಮೂರನೇ ತರಗತಿಯ ಮಗುವಿಗೂ ಇದೇ, ಎಂಟನೇ ತರಗತಿಯ ಮಗುವಿಗೂ ಇದೇ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಸರ್ಕಾರದ್ದೇ ರಾಷ್ಟ್ರೀಯ ಸಾಧನಾ ಸಮೀಕ್ಷೆ. ಶಿಕ್ಷಕರ ಬಾಯಲ್ಲಿ 'ನ್ಯಾಸ್'. 2017ರ ನವೆಂಬರ್ 13ರಂದು, ಆಮೇಲೆ 2021ರ ನವೆಂಬರ್ 12ರಂದು ದೇಶದಾದ್ಯಂತ ಒಂದೇ ದಿನ ನಡೆಯಿತು. 2024ರ ಡಿಸೆಂಬರ್ 4ರಂದು ನಡೆದಾಗ ಹೆಸರು ಬದಲಾಗಿ 'ಪರಖ್ ರಾಷ್ಟ್ರೀಯ ಸರ್ವೇಕ್ಷಣ' ಆಯಿತು. 781 ಜಿಲ್ಲೆಗಳ 74 ಸಾವಿರ ಚಿಲ್ಲರೆ ಶಾಲೆಗಳಿಂದ 21 ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದರು. ಇದು ಶಾಲೆಯಲ್ಲೇ ನಡೆಯುವ ಪರೀಕ್ಷೆ. ಉತ್ತರಗಳನ್ನು ಕೊಟ್ಟಿರುತ್ತಾರೆ, ಸರಿಯಾದದ್ದನ್ನು ಆರಿಸಬೇಕು.

ಈಗ ವರ್ಷಗಳ ಲೆಕ್ಕಕ್ಕೆ ಬರೋಣ.

ಅಸರ್‌ನಲ್ಲಿ ಐದನೇ ತರಗತಿಯ ಮಕ್ಕಳ ಭಾಗಾಕಾರವನ್ನು ತೆಗೆದುಕೊಳ್ಳಿ. 2010ರಲ್ಲಿ ನೂರಕ್ಕೆ ಸುಮಾರು 36 ಮಕ್ಕಳು ಮಾಡುತ್ತಿದ್ದರು. 2012ಕ್ಕೆ ಅದು ಸುಮಾರು 25ಕ್ಕೆ ಬಿತ್ತು. 2014ರಲ್ಲಿ 26, 2016ರಲ್ಲಿ 26, 2018ರಲ್ಲಿ ಸುಮಾರು 28. ಕೋವಿಡ್ ಆದ ಮೇಲೆ 2022ರಲ್ಲಿ 25.6. 2024ರಲ್ಲಿ 30.7. ಮೂರನೇ ತರಗತಿಯ ಮಕ್ಕಳು ಸಾಲ ತಂದು ಕಳೆಯುವ ಲೆಕ್ಕವೂ ಹೆಚ್ಚು ಕಡಿಮೆ ಇದೇ ದಾರಿಯಲ್ಲಿ ಸಾಗಿದೆ. 2018ರಲ್ಲಿ 28.2, 2022ರಲ್ಲಿ 25.9, 2024ರಲ್ಲಿ 33.7.

ನೋಡಿದಿರಾ? ಕಳೆದ ದಶಕದ ಶುರುವಿನಲ್ಲಿ ಒಂದು ದೊಡ್ಡ ಕುಸಿತ ಇದೆ. ಅದು ನಿಜ. ಆಮೇಲೆ ಹತ್ತು ವರ್ಷ ಗೆರೆ ಹೆಚ್ಚು ಕಡಿಮೆ ನೆಲಕ್ಕೆ ಅಂಟಿಕೊಂಡು ಸಾಗಿದೆ. ಕೋವಿಡ್‌ನಲ್ಲಿ ಸ್ವಲ್ಪ ಇಳಿದು, ಈಗ ಹತ್ತುತ್ತಿದೆ. ಸರ್ಕಾರದ ಸಮೀಕ್ಷೆಯೂ ಇದನ್ನೇ ಹೇಳುತ್ತದೆ. ಮೂರನೇ ತರಗತಿಯ ಗಣಿತದಲ್ಲಿ ಸರಿಯುತ್ತರಗಳ ಸರಾಸರಿ 2017ರಲ್ಲಿ 64, 2021ರಲ್ಲಿ 57, 2024ರಲ್ಲಿ 60. ಎರಡು ಬೇರೆ ಬೇರೆ ಸಮೀಕ್ಷೆ, ಬೇರೆ ಬೇರೆ ವಿಧಾನ, ಆದರೂ ಇಳಿದದ್ದು ಮತ್ತು ಏರಿದ್ದು ಒಂದೇ ಕಾಲಕ್ಕೆ. ಹಾಗಾಗಿ ಇದನ್ನು ನಾನು ನಂಬುತ್ತೇನೆ.

2010ರ ನಂತರದ ಕುಸಿತಕ್ಕೆ ಜನ ತಕ್ಷಣ ಕೊಡುವ ಕಾರಣ ಶಿಕ್ಷಣ ಹಕ್ಕು ಕಾಯ್ದೆ. 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು, ಎಂಟನೇ ತರಗತಿವರೆಗೆ ಯಾರನ್ನೂ ಫೇಲ್ ಮಾಡುವ ಹಾಗಿಲ್ಲ ಅಂತಾಯಿತು. "ಫೇಲ್ ಮಾಡದಿದ್ದರೆ ಮಕ್ಕಳು ಯಾಕೆ ಓದುತ್ತಾರೆ?" ಅನ್ನುವ ಮಾತು ನಮ್ಮ ಸ್ಟಾಫ್ ರೂಮಿನಲ್ಲೂ ಇದೆ. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಫೇಲ್ ಮಾಡಿದ ಮಾತ್ರಕ್ಕೆ ಭಾಗಾಕಾರ ಬಂದುಬಿಡುವುದಿಲ್ಲ. ಅದೇ ಪುಸ್ತಕ, ಅದೇ ಪಾಠ, ಅದೇ ವೇಗದಲ್ಲಿ ಇನ್ನೊಂದು ವರ್ಷ ಕೇಳಿದ ಮಗುವಿಗೆ ಅರ್ಥವಾಗುವುದು ಅಷ್ಟರಲ್ಲೇ ಇದೆ. ಆದರೆ ಒಂದು ಮಾತು ಸತ್ಯ. ಫೇಲ್ ಮಾಡುವುದನ್ನು ನಿಲ್ಲಿಸಿದಾಗ ಅದರ ಜಾಗದಲ್ಲಿ ಬರಬೇಕಿದ್ದದ್ದು ಬರಲಿಲ್ಲ. ಯಾವ ಮಗು ಎಲ್ಲಿ ನಿಂತಿದೆ ಅಂತ ನೋಡುವ, ಅಲ್ಲಿಂದ ಕೈ ಹಿಡಿದು ನಡೆಸುವ ವ್ಯವಸ್ಥೆ ಬರಲಿಲ್ಲ. ಕಡತದಲ್ಲಿ ಬಂತು, ತರಗತಿಯಲ್ಲಿ ಬರಲಿಲ್ಲ.

ಕೋವಿಡ್ ವಿಷಯದಲ್ಲಿ ಕರ್ನಾಟಕದ ಕಥೆ ಸ್ವಲ್ಪ ಬೇರೆ. ಇಲ್ಲಿ 2021ರ ಮಾರ್ಚ್‌ನಲ್ಲೇ, ಶಾಲೆಗಳು ಪೂರ್ತಿ ತೆರೆಯುವ ಮೊದಲೇ, ಗ್ರಾಮೀಣ ಭಾಗದ 24 ಜಿಲ್ಲೆಗಳಲ್ಲಿ ಅಸರ್ ನಡೆಯಿತು. ಮೂರನೇ ತರಗತಿಯಲ್ಲಿ ಕಳೆಯುವ ಲೆಕ್ಕ ಬರುವ ಮಕ್ಕಳು 2018ರಲ್ಲಿ ನೂರಕ್ಕೆ 26 ಇದ್ದವರು 17ಕ್ಕೆ ಇಳಿದಿದ್ದರು. ಐದನೇ ತರಗತಿಯ ಭಾಗಾಕಾರ 20ರಿಂದ 12ಕ್ಕೆ. ವಿದ್ಯಾಗಮ ಅಂತ ಮರದ ಕೆಳಗೆ, ದೇವಸ್ಥಾನದ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಶಿಕ್ಷಕರು ಪಟ್ಟ ಪಾಡು ನನಗೆ ಗೊತ್ತು. ಆದರೂ ಸಣ್ಣ ತರಗತಿಯ ಮಕ್ಕಳ ಕೈಯಿಂದ ಲೆಕ್ಕ ಜಾರಿಹೋಗಿತ್ತು.

ಹೋದದ್ದು ಹೋಗಿಯೇ ಬಿಟ್ಟಿತಾ ಅಂದರೆ, ಇಲ್ಲ. ಪಕ್ಕದ ತಮಿಳುನಾಡಿನಲ್ಲಿ ನಡೆದ ಒಂದು ಅಧ್ಯಯನ ನನಗೆ ತುಂಬಾ ಧೈರ್ಯ ಕೊಟ್ಟಿದೆ. ಅರ್ಥಶಾಸ್ತ್ರಜ್ಞರಾದ ಅಭಿಜೀತ್ ಸಿಂಗ್, ಮಾರಿಸಿಯೋ ರೊಮೇರೋ ಮತ್ತು ಕಾರ್ತಿಕ್ ಮುರಳೀಧರನ್ ಅಲ್ಲಿನ ಹಳ್ಳಿಗಳ ಸುಮಾರು 19 ಸಾವಿರ ಮಕ್ಕಳ ಕಲಿಕೆಯನ್ನು ಕೋವಿಡ್‌ಗೆ ಮೊದಲಿನ ಮಟ್ಟದ ಜೊತೆ ಹೋಲಿಸಿ ನೋಡಿದರು. 2021ರ ಡಿಸೆಂಬರ್‌ನಲ್ಲಿ ಆದ ನಷ್ಟ ದೊಡ್ಡದೇ ಇತ್ತು. ಭಾಷೆಗಿಂತ ಗಣಿತದಲ್ಲಿ ಎರಡು ಪಟ್ಟು ಜಾಸ್ತಿ. ಆದರೆ ಶಾಲೆ ತೆರೆದ ಆರು ತಿಂಗಳಲ್ಲಿ ಆ ನಷ್ಟದ ಮೂರನೇ ಎರಡರಷ್ಟು ವಾಪಸ್ ಬಂತು. ಸಂಜೆ ಹೊತ್ತು ಊರಿನವರೇ ಮಕ್ಕಳಿಗೆ ಪಾಠ ಹೇಳುವ 'ಇಲ್ಲಂ ತೇಡಿ ಕಲ್ವಿ' ಯೋಜನೆ ಆ ಚೇತರಿಕೆಯಲ್ಲಿ ಸುಮಾರು ಕಾಲು ಭಾಗಕ್ಕೆ ಕಾರಣ. ಶಾಲೆ ಅಂದರೆ ಏನು ಅನ್ನುವುದು ಇದರಿಂದ ಗೊತ್ತಾಗುತ್ತದೆ. ಮುಚ್ಚಿದಾಗ ಇಳಿಯಿತು, ತೆರೆದಾಗ ಏರಿತು.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ನಿಪುಣ್ ಭಾರತ್‌ಗೂ ಇದರಲ್ಲಿ ಪಾಲಿದೆ ಅಂತ ನನ್ನ ಅಭಿಪ್ರಾಯ. ಮೂರನೇ ತರಗತಿಯೊಳಗೆ ಓದು ಮತ್ತು ಮೂಲ ಲೆಕ್ಕ ಬರಲೇಬೇಕು ಅನ್ನುವ ಗುರಿ ಮೊದಲ ಬಾರಿಗೆ ಸ್ಪಷ್ಟವಾಗಿ ಶಾಲೆಗಳಿಗೆ ತಲುಪಿತು. ಸರ್ಕಾರಿ ಶಾಲೆಗಳ ಮೂರನೇ ತರಗತಿಯಲ್ಲಿ ಕಳೆಯುವ ಲೆಕ್ಕ ಬರುವವರು 2022ರ 20.2ರಿಂದ 2024ರಲ್ಲಿ 27.6ಕ್ಕೆ ಏರಿದ್ದಾರೆ. ಎರಡು ವರ್ಷದಲ್ಲಿ ಏಳು ಅಂಕ ಅಂದರೆ ಸಣ್ಣದಲ್ಲ.

"ನಮ್ಮ ಕಾಲದಲ್ಲಿ" ಅನ್ನುವವರಿಗೆ ಒಂದು ಮಾತು. ನಿಮ್ಮ ಕಾಲದಲ್ಲಿ ತರಗತಿಯಲ್ಲಿ ಕೂತಿದ್ದವರು ಯಾರು ಅಂತ ಸ್ವಲ್ಪ ನೆನಪು ಮಾಡಿಕೊಳ್ಳಿ. ಶಾಲೆಗೇ ಬಾರದವರು, ಎರಡನೇ ಕ್ಲಾಸಿಗೆ ಬಿಟ್ಟು ದನ ಕಾಯಲು ಹೋದವರು, ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದ ಅಕ್ಕಂದಿರು ನಿಮ್ಮ ಲೆಕ್ಕದಲ್ಲಿ ಇಲ್ಲ. 1951ರಲ್ಲಿ ದೇಶದ ಸಾಕ್ಷರತೆ ನೂರಕ್ಕೆ 18. ಇವತ್ತು ಹಳ್ಳಿಗಳಲ್ಲಿ 6ರಿಂದ 14 ವರ್ಷದ ಮಕ್ಕಳಲ್ಲಿ ನೂರಕ್ಕೆ 98 ಮಂದಿಯ ಹೆಸರು ಶಾಲೆಯಲ್ಲಿದೆ. ಮನೆಯಲ್ಲಿ ಯಾರೂ ಪುಸ್ತಕ ಮುಟ್ಟದ ಮಕ್ಕಳು ಈಗ ನಮ್ಮ ಬೆಂಚಿನ ಮೇಲಿದ್ದಾರೆ. ಅವರು ಬಂದಿರುವುದು ದೊಡ್ಡ ಗೆಲುವು. ಅವರನ್ನು ಆ ಕಾಲದ ಆಯ್ದ ಕೆಲವರ ಜೊತೆ ಹೋಲಿಸುವುದು ನ್ಯಾಯವಲ್ಲ.

ಇನ್ನು ನನ್ನ ನಿಜವಾದ ಚಿಂತೆ. ಪರಖ್‌ನಲ್ಲಿ ಗಣಿತದ ರಾಷ್ಟ್ರೀಯ ಸರಾಸರಿ ಮೂರನೇ ತರಗತಿಯಲ್ಲಿ 60, ಆರರಲ್ಲಿ 46, ಒಂಬತ್ತರಲ್ಲಿ 37. ಇದರ ಅರ್ಥ ನೂರಕ್ಕೆ 37 ಮಕ್ಕಳು ಪಾಸ್ ಅಂತಲ್ಲ, ಸರಾಸರಿ ಮಗು ನೂರು ಪ್ರಶ್ನೆಯಲ್ಲಿ 37ಕ್ಕೆ ಸರಿಯುತ್ತರ ಕೊಟ್ಟಿದೆ ಅಂತ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪರೀಕ್ಷೆಯಲ್ಲಿ ಕಣ್ಣು ಮುಚ್ಚಿ ಸುಮ್ನೆ ಗುರುತು ಹಾಕಿದರೂ 25 ಬರುತ್ತದೆ. ಅಂದರೆ ಒಂಬತ್ತನೇ ತರಗತಿಯ ಮಗುವಿಗೂ ಊಹೆಗೂ ನಡುವೆ ಇರುವ ದೂರ ಹನ್ನೆರಡು ಅಂಕ. ಇದನ್ನು ಬರೆಯುವಾಗ ನನಗೆ ಸಂಕಟ ಆಗುತ್ತದೆ. ಆ ಮಕ್ಕಳು ನನ್ನ ತರಗತಿಯ ಮಕ್ಕಳೇ.

"ಮೂರು ಪ್ರಶ್ನೆಪತ್ರಿಕೆಯೂ ಬೇರೆ ಬೇರೆ. ದೊಡ್ಡ ತರಗತಿಯದ್ದು ಕಷ್ಟ ಇರುತ್ತದೆ, ಹೋಲಿಸುವುದು ಹೇಗೆ?" ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಹಾಗಾಗಿ ಅದೇ ಸಮೀಕ್ಷೆಯ ಭಾಷೆಯ ಅಂಕ ಪಕ್ಕದಲ್ಲಿಟ್ಟು ನೋಡಿ. ಮೂರರಲ್ಲಿ 64, ಆರರಲ್ಲಿ 57, ಒಂಬತ್ತರಲ್ಲಿ 54. ಭಾಷೆ ಹತ್ತು ಅಂಕ ಇಳಿದಿದೆ, ಗಣಿತ ಇಪ್ಪತ್ಮೂರು.

ಅದೂ ಸಾಲದು ಅಂದರೆ ಮತ್ತೆ ಅಸರ್‌ಗೆ ಬನ್ನಿ. ಎಲ್ಲ ತರಗತಿಗೂ ಒಂದೇ ಹಾಳೆ ಅಂದಿದ್ದೆನಲ್ಲ? ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಅದೇ ಲೆಕ್ಕ 2024ರಲ್ಲಿ ಐದನೇ ತರಗತಿಯ 30.7 ಮಂದಿಗೆ ಬಂತು, ಎಂಟನೇ ತರಗತಿಯ 45.8 ಮಂದಿಗೆ ಬಂತು. ನಡುವೆ ಮೂರು ಇಡೀ ವರ್ಷದ ಶಾಲೆ ಇದೆ. ಆ ಮೂರು ವರ್ಷದಲ್ಲಿ ನೂರಕ್ಕೆ ಹದಿನೈದು ಮಕ್ಕಳಷ್ಟೇ ಹೊಸದಾಗಿ ಭಾಗಾಕಾರ ಕಲಿತಷ್ಟು ವ್ಯತ್ಯಾಸ. ಉಳಿದವರು ಬೀಜಗಣಿತ, ರೇಖಾಗಣಿತ, ಕ್ಷೇತ್ರಫಲ ಎಲ್ಲ ಬರೆದುಕೊಂಡರು, ಭಾಗಾಕಾರ ಮಾತ್ರ ಇಲ್ಲ. ಎಂಟನೇ ತರಗತಿಯ ಅಂಕಿ 2014ರಿಂದ ಇವತ್ತಿನವರೆಗೆ 43 ಮತ್ತು 46ರ ನಡುವೆಯೇ ಇದೆ. 2010ರಲ್ಲಿ ಅದು ಸುಮಾರು 68 ಇತ್ತು. ಚಿಕ್ಕ ತರಗತಿಗಳು ಸ್ವಲ್ಪ ಚೇತರಿಸಿಕೊಂಡಿವೆ, ಎಂಟನೇ ತರಗತಿ ಆ ಕುಸಿತದಿಂದ ಮೇಲೆ ಎದ್ದೇ ಇಲ್ಲ.

ನಗರದಲ್ಲೂ ಬೇರೆ ಕಥೆಯಿಲ್ಲ. 2019ರಲ್ಲಿ ಪ್ರಕಟವಾದ ದೆಹಲಿಯ ಒಂದು ಅಧ್ಯಯನದಲ್ಲಿ ಆರನೇ ತರಗತಿಯ ಸರಾಸರಿ ಮಗು ಗಣಿತದಲ್ಲಿ ಸುಮಾರು ಎರಡೂವರೆ ತರಗತಿ ಹಿಂದಿತ್ತು. ಮೇಲಿನ ತರಗತಿಗೆ ಹೋದಷ್ಟೂ ಈ ಅಂತರ ಜಾಸ್ತಿಯಾಗುತ್ತಿತ್ತು. ಖಾಸಗಿ ಶಾಲೆಗೆ ಹಾಕಿದರೆ ಸರಿಹೋಗುತ್ತದೆ ಅನ್ನುವವರಿಗೂ ಇದೇ ಉತ್ತರ. ಹಳ್ಳಿಯ ಖಾಸಗಿ ಶಾಲೆಗಳ ಅಂಕ ಸ್ವಲ್ಪ ಮೇಲಿದೆ ನಿಜ. ಆದರೆ ಅಲ್ಲೂ ಐದನೇ ತರಗತಿಯ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಭಾಗಾಕಾರ ಬರುವುದಿಲ್ಲ.

ಹಾಗಾದರೆ ಎಲ್ಲಿ ಮುರಿಯುತ್ತದೆ? ನನ್ನ ಅನುಭವ ಮತ್ತು ಈ ಅಂಕಿಗಳು ಎರಡೂ ಮೂರು ಜಾಗ ತೋರಿಸುತ್ತವೆ.

ಮೊದಲನೆಯದು ಸಾಲ ತಂದು ಕಳೆಯುವುದು. 52ರಲ್ಲಿ 27 ಕಳೆ ಅಂತ ಕೊಡಿ. ತುಂಬಾ ಮಕ್ಕಳು 35 ಅಂತ ಬರೆಯುತ್ತಾರೆ. ಇದು ಅಜಾಗರೂಕತೆ ಅಲ್ಲ. ಮಗು ತನ್ನದೇ ಒಂದು ನಿಯಮ ಮಾಡಿಕೊಂಡಿದೆ: ಮೇಲಿರಲಿ ಕೆಳಗಿರಲಿ, ದೊಡ್ಡದರಲ್ಲಿ ಚಿಕ್ಕದನ್ನು ಕಳೆ. ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಎರಡು ಹೋದರೆ ಮೂರು. ಆ ನಿಯಮ 58ರಲ್ಲಿ 27 ಕಳೆದಾಗ ಸರಿಯುತ್ತರ ಕೊಡುತ್ತದೆ. ಹಾಗಾಗಿ ಮಗುವಿಗೆ ಅದರ ಮೇಲೆ ನಂಬಿಕೆ. ನಾವು ಕೆಂಪು ಶಾಯಿಯಲ್ಲಿ ತಪ್ಪು ಹಾಕಿ 25 ಅಂತ ಬರೆದರೆ ನಿಯಮ ಬದಲಾಗುವುದಿಲ್ಲ. 52 ಅಂದರೆ ಐದು ಹತ್ತು ಮತ್ತು ಎರಡು ಬಿಡಿ, ಒಂದು ಹತ್ತನ್ನು ಬಿಚ್ಚಿದರೆ ನಾಲ್ಕು ಹತ್ತು ಮತ್ತು ಹನ್ನೆರಡು ಬಿಡಿ ಅನ್ನುವುದು ಕೈಗೆ ಸಿಗಬೇಕು. ಮೂರನೇ ತರಗತಿವರೆಗೆ ಚಟುವಟಿಕೆಯಿಂದಲೇ ಕಲಿಸುವ ನಲಿ-ಕಲಿ ತರಗತಿಯಲ್ಲಿ ಕಡ್ಡಿ ಕಟ್ಟುಗಳಿಂದ ಇದನ್ನು ಮಾಡಿಸುತ್ತಾರೆ. ಚೆನ್ನಾಗಿ ಮಾಡಿಸಿದ ಕಡೆ ಮಕ್ಕಳು ಮರೆಯುವುದಿಲ್ಲ. ಆದರೆ ನಾಲ್ಕನೇ ತರಗತಿಗೆ ಬಂದ ತಕ್ಷಣ ಕಡ್ಡಿ ಮೂಲೆಗೆ ಹೋಗುತ್ತದೆ, ಕಲಿತಿರಲಿ ಬಿಡಲಿ. ಪರಖ್‌ನಲ್ಲಿ ಮೂರನೇ ತರಗತಿಯ ಮಕ್ಕಳಲ್ಲಿ 99ರವರೆಗಿನ ಸಂಖ್ಯೆಗಳನ್ನು ಏರಿಕೆ ಅಥವಾ ಇಳಿಕೆ ಕ್ರಮದಲ್ಲಿ ಜೋಡಿಸಲು ಬಂದದ್ದು ನೂರಕ್ಕೆ 55 ಮಂದಿಗೆ. ಸಂಖ್ಯೆಯ ಬೆಲೆಯೇ ಗೊತ್ತಿಲ್ಲದ ಮಗು ಸಾಲ ತರುವುದು ಎಲ್ಲಿಂದ?

ಎರಡನೆಯದು ಭಾಗಾಕಾರ. 612ನ್ನು 6ರಿಂದ ಭಾಗಿಸಿದರೆ 12 ಅಂತ ಬರೆಯುವ ಮಕ್ಕಳು ಎಂಟನೇ ತರಗತಿಯಲ್ಲೂ ಸಿಗುತ್ತಾರೆ. ಆರು ಒಂದಲ ಆರು, ಆಯಿತು. ಒಂದರಲ್ಲಿ ಆರು ಹೋಗಲ್ಲ, ಎರಡನ್ನೂ ಇಳಿಸಿಕೊಂಡು ಆರು ಎರಡಲ ಹನ್ನೆರಡು. ನಡುವಿನ ಸೊನ್ನೆ ಬಿಟ್ಟೇ ಹೋಯಿತು. ಆರುನೂರಕ್ಕಿಂತ ಜಾಸ್ತಿ ಇರುವುದನ್ನು ಆರು ಜನರಿಗೆ ಹಂಚಿದರೆ ಒಬ್ಬೊಬ್ಬರಿಗೆ ಬರೀ ಹನ್ನೆರಡು ಬರುತ್ತದಾ ಅಂತ ಕೇಳಿದರೆ ಮಗು ತಲೆ ಎತ್ತಿ ನೋಡುತ್ತದೆ, ತಕ್ಷಣ ತಪ್ಪು ಅಂತ ಗೊತ್ತಾಗುತ್ತದೆ. ಅಂದಾಜು ಮಾಡಲು ಬರುತ್ತದೆ, ಆದರೆ ಬರೆಯುವಾಗ ಅಂದಾಜು ಮಾಡಬೇಕು ಅಂತ ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ.

ಮೂರನೆಯದು ಭಿನ್ನರಾಶಿ. ಎಲ್ಲಕ್ಕಿಂತ ದೊಡ್ಡ ಗುಂಡಿ ಇದು ಅಂತ ನಾನು ಹೇಳುತ್ತೇನೆ. ಪರಖ್‌ನಲ್ಲಿ ಆರನೇ ತರಗತಿಯ ಮಕ್ಕಳಿಗೆ ಅರ್ಧ, ಕಾಲು ಇಂಥ ಸಾಮಾನ್ಯ ಭಿನ್ನರಾಶಿಗಳನ್ನು ಗುರುತಿಸಿ ಹೋಲಿಸುವ ಪ್ರಶ್ನೆಗಳಲ್ಲಿ ಸಿಕ್ಕ ಅಂಕ ನೂರಕ್ಕೆ 29. ಒಂಬತ್ತನೇ ತರಗತಿಯ ಶೇಕಡಾವಾರು ಲೆಕ್ಕಗಳಲ್ಲಿ 28. ಎರಡೂ ಊಹೆಯ ಮಟ್ಟದಲ್ಲೇ ಇವೆ. 1/4 ದೊಡ್ಡದಾ 1/2 ದೊಡ್ಡದಾ ಅಂದರೆ, ನಾಲ್ಕು ಎರಡಕ್ಕಿಂತ ದೊಡ್ಡದು, ಹಾಗಾಗಿ 1/4 ಅನ್ನುತ್ತಾರೆ. 1/2ಕ್ಕೆ 1/3 ಕೂಡಿಸಿ ಅಂದರೆ ಮೇಲಿನದ್ದು ಮೇಲೆ, ಕೆಳಗಿನದ್ದು ಕೆಳಗೆ ಕೂಡಿ 2/5 ಅನ್ನುತ್ತಾರೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಯಿತಲ್ಲ ಅಂತ ಅನ್ನಿಸುವುದೇ ಇಲ್ಲ. ಇದೇ ಮಗುವನ್ನು ಅಂಗಡಿಗೆ ಕಳಿಸಿ. ಕಾಲು ಕೆಜಿ ಸಕ್ಕರೆ ಅರ್ಧ ಕೆಜಿಗಿಂತ ಕಡಿಮೆ ಅಂತ ಅದಕ್ಕೆ ಚೆನ್ನಾಗಿ ಗೊತ್ತು.

ಇದು ನನ್ನೊಬ್ಬಳ ಅನಿಸಿಕೆ ಅಲ್ಲ. 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ, ಎಲಿಜಬೆತ್ ಸ್ಪೆಲ್ಕೆ ಮತ್ತಿತರರು ಕೋಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳ ಬಗ್ಗೆ ಬರೆದಿದ್ದಾರೆ. ತರಕಾರಿ ತೂಗಿ, ಬೆಲೆ ಕಟ್ಟಿ, ಚಿಲ್ಲರೆ ವಾಪಸ್ ಕೊಡುವ ಲೆಕ್ಕ ಆ ಮಕ್ಕಳು ಬಾಯಲ್ಲೇ ಮಾಡುತ್ತಾರೆ. ಅದೇ ಲೆಕ್ಕವನ್ನು ಕಾಗದದ ಮೇಲೆ ಶಾಲೆಯ ರೀತಿಯಲ್ಲಿ ಕೊಟ್ಟರೆ ಮಾಡಲು ಆಗುವುದಿಲ್ಲ. ಅತ್ತ ಶಾಲೆಗೆ ಮಾತ್ರ ಹೋಗುವ ಮಕ್ಕಳು ಕಾಗದದ ಲೆಕ್ಕ ಸ್ವಲ್ಪ ಮಾಡುತ್ತಾರೆ, ಅಂಗಡಿ ಲೆಕ್ಕದಲ್ಲಿ ಎಡವುತ್ತಾರೆ. ಇಬ್ಬರ ಬಳಿಯೂ ಅರ್ಧ ಅರ್ಧ ಗಣಿತ ಇದೆ. ಎರಡನ್ನೂ ಸೇರಿಸುವ ಕೆಲಸ ಶಾಲೆಯದ್ದಾಗಿತ್ತು. ಹಾಗಾಗಿ "ಇವರ ತಲೆಗೆ ಗಣಿತ ಹತ್ತಲ್ಲ" ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ಈ ಮೂರು ಗುಂಡಿ ದಾಟದೆ ಹೈಸ್ಕೂಲಿಗೆ ಬಂದ ಮಗುವಿಗೆ x/3 + x/4 = 7 ಅನ್ನುವ ಸಮೀಕರಣ ಕೊಡುತ್ತೇವೆ. ಮಗುವಿಗೆ x ಕಂಡರೆ ಭಯ ಅಂತ ನಾವು ತಿಳಿಯುತ್ತೇವೆ. ಆದರೆ ಮಗು ನಿಂತಿರುವುದು ಮೂರು ಮತ್ತು ನಾಲ್ಕರ ಹತ್ತಿರ. ಸಮಾಜ ವಿಜ್ಞಾನದಲ್ಲಿ ಒಂದು ಪಾಠ ಅರ್ಥವಾಗದಿದ್ದರೆ ಮುಂದಿನ ಪಾಠ ಹೊಸದಾಗಿ ಶುರು ಮಾಡಬಹುದು. ಗಣಿತದಲ್ಲಿ ಹಾಗಿಲ್ಲ, ಪಾಯ ಹಾಕದೆ ಗೋಡೆ ಎಬ್ಬಿಸಿದ ಹಾಗೆ, ಎತ್ತರ ಹೋದಷ್ಟೂ ಬಿರುಕು ಜಾಸ್ತಿ.

ಈ ಅಂಕಿಗಳನ್ನೆಲ್ಲ ನಂಬಬಹುದಾ ಅನ್ನುವ ಪ್ರಶ್ನೆಯೂ ಬರುತ್ತದೆ. ಅಂಕಿ ಅನ್ನುವುದು ಪರೀಕ್ಷೆ ನಡೆದ ರೀತಿಯನ್ನೂ ಅಳೆಯುತ್ತದೆ, ಇದನ್ನು ಮರೆಯಬಾರದು. ನಮ್ಮ ಎಸ್‌ಎಸ್‌ಎಲ್‌ಸಿಯನ್ನೇ ನೋಡಿ. 2023ರಲ್ಲಿ ಫಲಿತಾಂಶ ಶೇ. 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಗ್ರೇಸ್ ಅಂಕ ಹೆಚ್ಚಿಸಿ ಕೊಟ್ಟ ಮೇಲೂ ಫಲಿತಾಂಶ ಶೇ. 73.40ಕ್ಕೆ ನಿಂತಿತು. ಒಂದೇ ವರ್ಷದಲ್ಲಿ ಮಕ್ಕಳು ಅಷ್ಟು ದಡ್ಡರಾದರಾ? ಇಲ್ಲ, ಕ್ಯಾಮೆರಾ ಬಂತು ಅಷ್ಟೇ. ಆಂಧ್ರದಲ್ಲೂ ಅಭಿಜೀತ್ ಸಿಂಗ್ ಇದನ್ನು ಅಧ್ಯಯನ ಮಾಡಿದ್ದಾರೆ. ಶಾಲೆಗಳಲ್ಲಿ ನಡೆದ ಕಾಗದದ ಪರೀಕ್ಷೆಯ ಅಂಕ ಸ್ವತಂತ್ರವಾಗಿ ಮತ್ತೆ ಪರೀಕ್ಷಿಸಿದಾಗ ಬಂದ ಅಂಕಕ್ಕಿಂತ ತುಂಬಾ ಉಬ್ಬಿತ್ತು. ಟ್ಯಾಬ್ಲೆಟ್‌ನಲ್ಲಿ ಪರೀಕ್ಷೆ ಮಾಡಿದಾಗ ಆ ಉಬ್ಬು ಬಹಳಷ್ಟು ಇಳಿಯಿತು. ಹಾಗಾಗಿ ಯಾವ ರಾಜ್ಯ ಎಷ್ಟನೇ ಸ್ಥಾನ ಅನ್ನುವ ಸುದ್ದಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಯಾವ ಬಗೆಯ ಲೆಕ್ಕದಲ್ಲಿ ಮಕ್ಕಳು ನಿಂತರು ಅನ್ನುವುದು ಮಾತ್ರ ಎಲ್ಲ ಸಮೀಕ್ಷೆಯಲ್ಲೂ ಒಂದೇ ರೀತಿ ಬರುತ್ತಿದೆ. ಅದನ್ನು ನೋಡಬೇಕು.

ಏನು ಮಾಡಬಹುದು ಅಂದರೆ, ದಾರಿ ಗೊತ್ತಿಲ್ಲದ ಸಮಸ್ಯೆ ಅಲ್ಲ ಇದು. ಮಗುವನ್ನು ತರಗತಿಯ ಲೆಕ್ಕದಲ್ಲಿ ಕೂರಿಸದೆ, ಅದು ನಿಂತಿರುವ ಮಟ್ಟದ ಲೆಕ್ಕದಲ್ಲಿ ಗುಂಪು ಮಾಡಿ, ದಿನಕ್ಕೆ ಒಂದು ಗಂಟೆ ಅಲ್ಲಿಂದಲೇ ಕಲಿಸುವ ಕ್ರಮವನ್ನು ಪ್ರಥಮ್ ವರ್ಷಗಳಿಂದ ಮಾಡುತ್ತಿದೆ. ಅದು ಫಲ ಕೊಡುತ್ತದೆ ಅಂತ ಹಲವು ರಾಜ್ಯಗಳ ಅಧ್ಯಯನಗಳಲ್ಲಿ ಕಂಡಿದೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ 'ಓದು ಕರ್ನಾಟಕ' ಕಾರ್ಯಕ್ರಮ ನಡೆದದ್ದು ಇದೇ ಯೋಚನೆಯ ಮೇಲೆ. ಈಚೆಗೆ ಗಣಿತ-ಗಣಕ ಅಂತ, ಶಿಕ್ಷಕರು ಶಾಲೆಯ ಸಮಯದ ಆಚೆ ಮಗುವಿನ ಮನೆಗೆ ಫೋನ್ ಮಾಡಿ ಒಂದೊಂದೇ ಲೆಕ್ಕ ಹೇಳಿಕೊಡುವ ಕಾರ್ಯಕ್ರಮವೂ ಬಂದಿದೆ. ಅಕ್ಷರ ಫೌಂಡೇಶನ್ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಾಡಿಸುವ ಗಣಿತ ಸ್ಪರ್ಧೆಗಳಲ್ಲಿ ಅಪ್ಪ-ಅಮ್ಮಂದಿರು ಕೂತು ನೋಡುತ್ತಾರೆ. ತಮ್ಮ ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ಅಲ್ಲಿ ಮೊದಲ ಸಲ ಕಣ್ಣಾರೆ ಕಾಣುವವರು ಎಷ್ಟೋ ಜನ.

ಇವೆಲ್ಲ ಹೆಚ್ಚಾಗಿ ಐದನೇ, ಆರನೇ ತರಗತಿಯೊಳಗೆ ನಿಲ್ಲುತ್ತವೆ. ಮೇಲಿನವರಿಗೆ ನಮ್ಮ ಬಳಿ ಇರುವುದು ವರ್ಷದ ಶುರುವಿನ ಸೇತುಬಂಧ. ನೈದಾನಿಕ ಪರೀಕ್ಷೆ ಮಾಡುತ್ತೇವೆ, ಕೆಲವು ವಾರ ಪಾಠ ಮಾಡುತ್ತೇವೆ, ಸಾಫಲ್ಯ ಪರೀಕ್ಷೆ ಮಾಡಿ ಪಠ್ಯಪುಸ್ತಕ ತೆರೆಯುತ್ತೇವೆ. ಆ ಪರೀಕ್ಷೆಯ ಪ್ರಶ್ನೆಗಳು ಹೆಚ್ಚಾಗಿ ಹಿಂದಿನ ತರಗತಿಯವು. ಮಗು ನಿಂತಿರುವುದು ನಾಲ್ಕು ತರಗತಿ ಹಿಂದೆ. ಎಂಟನೇ ತರಗತಿಯ ಸೇತುಬಂಧದಲ್ಲಿ 52ರಲ್ಲಿ 27 ಕಳೆಯುವ ಲೆಕ್ಕವೂ ಇರಬೇಕು, 1/2 ಮತ್ತು 1/4 ಹೋಲಿಸುವ ಪ್ರಶ್ನೆಯೂ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮತ್ತೆ ಅದು ಜೂನ್ ತಿಂಗಳಿಗೆ ಮುಗಿಯಬಾರದು. ವಾರದಲ್ಲಿ ಎರಡು ಪೀರಿಯಡ್ ವರ್ಷವಿಡೀ ಅದಕ್ಕೇ ಇಡಬೇಕು. ಪೋರ್ಷನ್ ಮುಗಿಯುವುದಿಲ್ಲ ಅಂತ ನನ್ನ ಸಹೋದ್ಯೋಗಿಗಳು ಹೇಳುತ್ತಾರೆ. ಪೋರ್ಷನ್ ಯಾರಿಗಾಗಿ ಮುಗಿಸುತ್ತಿದ್ದೇವೆ ಅಂತ ನಾನು ಕೇಳುತ್ತೇನೆ.

ಪೋಷಕರಿಗೆ ಒಂದು ಮಾತು. ನಿಮ್ಮ ಮಗು ಐದನೇ ತರಗತಿ ದಾಟಿದ್ದರೆ ಈ ಭಾನುವಾರ ಮೂರು ಲೆಕ್ಕ ಕೊಡಿ: 52 − 27, 612 ÷ 6, 1/2 + 1/3. ಬೈಯಬೇಡಿ, ಗಡಿಯಾರ ನೋಡಬೇಡಿ. ಉತ್ತರಕ್ಕಿಂತ, ಹೇಗೆ ಮಾಡಿದೆ ಅಂತ ಕೇಳಿ. ಎಲ್ಲಿ ನಿಂತಿತೋ ಅದನ್ನು ಬರೆದುಕೊಂಡು ಹೋಗಿ ಶಿಕ್ಷಕರಿಗೆ ಹೇಳಿ. "ಗಣಿತದಲ್ಲಿ ವೀಕ್" ಅಂತ ಹೇಳಿದರೆ ನಮಗೆ ಏನೂ ಮಾಡಲು ಆಗುವುದಿಲ್ಲ. "ನಡುವೆ ಸೊನ್ನೆ ಬಂದರೆ ಭಾಗಾಕಾರ ತಪ್ಪುತ್ತದೆ" ಅಂದರೆ ನಾಳೆಯೇ ಕೂರಿಸಿಕೊಂಡು ಸರಿ ಮಾಡಬಹುದು. ಎಸ್‌ಡಿಎಂಸಿ, ಅಂದರೆ ಪೋಷಕರೂ ಇರುವ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲೂ ಫಲಿತಾಂಶ ಎಷ್ಟು ಬಂತು ಅಂತ ಕೇಳುವ ಬದಲು, ಆರನೇ ತರಗತಿಯಲ್ಲಿ ಭಾಗಾಕಾರ ಬಾರದ ಮಕ್ಕಳು ಯಾರು ಯಾರು, ಅವರಿಗೆ ಯಾವ ಹೊತ್ತಿನಲ್ಲಿ ಯಾರು ಕಲಿಸುತ್ತಿದ್ದಾರೆ ಅಂತ ಕೇಳಿ.

2024ರಲ್ಲಿ ಮೂರನೇ ತರಗತಿಯಲ್ಲಿದ್ದ ಮಕ್ಕಳು 2029ರಲ್ಲಿ ಎಂಟನೇ ತರಗತಿಗೆ ಬರುತ್ತಾರೆ. ಅವರಲ್ಲಿ ನೂರಕ್ಕೆ 34 ಮಂದಿಗೆ ಕಳೆಯುವ ಲೆಕ್ಕ ಬರುತ್ತಿತ್ತು, 66 ಮಂದಿಗೆ ಬರುತ್ತಿರಲಿಲ್ಲ. ಆ 66 ಮಂದಿಗೆ ಸಾಲ ತರುವುದನ್ನು, ಭಾಗಿಸುವುದನ್ನು, ಕಾಲು-ಅರ್ಧ ಬರೆಯುವುದನ್ನು ಕಲಿಸಲು ನಮ್ಮ ಕೈಯಲ್ಲಿ ಇನ್ನೂ ಸಮಯ ಇದೆ. ಆ ವರ್ಷದ ಎಂಟನೇ ತರಗತಿಯ ಅಂಕಿ ಮತ್ತೆ 45ರ ಹತ್ತಿರವೇ ನಿಂತರೆ, ಮೂರನೇ ತರಗತಿಯ ಈಗಿನ ಏರಿಕೆ ನಡುವಿನ ತರಗತಿಗಳಲ್ಲಿ ಕರಗಿಹೋಯಿತು ಅಂತ ಅರ್ಥ.